ನಾಲ್ಕು ಲಿಪಿಗಳ ಒಪ್ಪಿಗೆ

ಹದಿನೇಳು ದಿನಗಳಿಂದ ಹೊಸಬರ ಕರೆ ಒಂದೂ ಬಂದಿರಲಿಲ್ಲ. ಫೋನು ಕೆಟ್ಟಿರಬಹುದೆಂದು ಹರ್ಷದಾ ತನ್ನ ಇನ್ನೊಂದು ನಂಬರಿನಿಂದ ತಾನೇ ಕರೆ ಮಾಡಿ ನೋಡಿದಳು. ಮೇಜಿನ ಮೇಲಿನ ಫೋನು ತಕ್ಷಣ ಬಡಿದುಕೊಂಡಿತು. ಎತ್ತಿ ಹಲೋ ಅಂದಳು. ಎರಡೂ ಕಿವಿಗಳಲ್ಲಿ ತನ್ನದೇ ದನಿ ಕೇಳಿ ನಾಚಿಕೆಯಾಗಿ ಇಟ್ಟುಬಿಟ್ಟಳು.

ಬೇಗಂಪೇಟೆ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಗುರುರಾಜ ಕಾಕಾ ಅವರ ಮನೆ. ಅದರ ಮುಂದಿನ ಕೋಣೆಯೇ ಅವಳ ಕಚೇರಿ. ಹೆಸರು 'ಜೊತೆ'. ರಾಯಚೂರು, ಯಾದಗಿರಿ, ಬೀದರ ಕಡೆಯಿಂದ ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವ ರೋಗಿಗಳನ್ನು ನಿಲ್ದಾಣದಲ್ಲೇ ಎದುರುಗೊಳ್ಳುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಡಾಕ್ಟರರ ತೆಲುಗನ್ನೂ ಕೌಂಟರಿನ ಹಿಂದಿಯನ್ನೂ ಅವರಿಗೆ ಕನ್ನಡದಲ್ಲಿ ತಿಳಿಸುವುದು, ಅವರ ನೋವನ್ನು ಆ ಕಡೆಗೆ ಮುಟ್ಟಿಸುವುದು: ಇಷ್ಟೇ ಕೆಲಸ. ಮಾದಾಪುರದ ಒಂದು ಕಂಪನಿಯಲ್ಲಿ ಆರು ವರ್ಷ ಬೇರೆಯವರ ವೆಬ್‌ಸೈಟುಗಳ ತಪ್ಪು ಹುಡುಕುತ್ತಿದ್ದ ಹರ್ಷದಾ ಆ ನೌಕರಿ ಬಿಟ್ಟು ಇದನ್ನು ಶುರುಮಾಡಿ ಎರಡು ವರ್ಷವಾಗಿತ್ತು. ಬೋರ್ಡಿಲ್ಲ, ಜಾಹೀರಾತಿಲ್ಲ. ಒಂದೇ ಒಂದು ವೆಬ್ ಪುಟ. ದೂರದ ಊರಲ್ಲಿ ಯಾರಾದರೂ ಫೋನಿನಲ್ಲಿ 'ಹೈದರಾಬಾದ್ ಆಸ್ಪತ್ರೆ ಕನ್ನಡ' ಎಂದು ಒತ್ತಿದರೆ, ಇಲ್ಲವೇ ಮೈಕಿನ ಗುರುತು ಮುಟ್ಟಿ ಬಾಯಿಯಿಂದ ಹೇಳಿದರೆ, ಮೊದಲ ಮೂರರಲ್ಲಿ ಆ ಪುಟ ಕಾಣುತ್ತಿತ್ತು. ಬರುವವರೆಲ್ಲ ಆ ಬಾಗಿಲಿನಿಂದಲೇ ಬಂದವರು.

ಬಂದವರ ಕೈ ಹಿಡಿಯುತ್ತಿದ್ದವಳು ಭಾಗ್ಯಶ್ರೀ. ವಯಸ್ಸು ಇಪ್ಪತ್ನಾಲ್ಕು. ಸುರಪುರದ ಕಡೆಯಿಂದ ಬಂದ ಅವಳ ತಾಯಿ ಯಂಕಮ್ಮ, ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟುಗಳು ಏಳುವಾಗ ತಲೆಯ ಮೇಲೆ ಕಾಂಕ್ರೀಟು ಹೊತ್ತವಳು. ಮಗಳು ಆ ಅರ್ಧ ಎದ್ದ ಕಟ್ಟಡಗಳಲ್ಲೇ ಬೆಳೆದು ಮೇಸ್ತ್ರಿಗಳಿಂದ ತೆಲುಗನ್ನೂ ಸೆಂಟ್ರಿಂಗ್ ಕೆಲಸದವರಿಂದ ಹಿಂದಿಯನ್ನೂ ಕಲಿತಿದ್ದಳು. ಯಾವ ಭಾಷೆಯಲ್ಲೂ ಅವಳಿಗೆ ಸಂಕೋಚವಿಲ್ಲ. ಒಮ್ಮೆ ದೊಡ್ಡ ಡಾಕ್ಟರೊಬ್ಬರು ಐದು ನಿಮಿಷ ವಿವರಿಸಿ ಎದ್ದು ಹೊರಟಾಗ, ಅವರ ದಾರಿಗೆ ಅಡ್ಡ ನಿಂತು, ಇದು ಕ್ಯಾನ್ಸರ್ ಹೌದೋ ಅಲ್ಲವೋ ಅಷ್ಟು ಹೇಳಿ ಸರ್ ಎಂದು ತೆಲುಗಿನಲ್ಲಿ ಕೇಳಿದ್ದನ್ನು ಹರ್ಷದಾ ಕಣ್ಣಾರೆ ಕಂಡಿದ್ದಳು. ಇನ್ನಿಬ್ಬರು ಹೆಂಗಸರು ಈ ಕೆಲಸಕ್ಕೆ ಬಂದದ್ದೂ ಅವಳ ಮಾತಿನಿಂದಲೇ. ಅವಳು ಹೋದರೆ ಅವರೂ ಹೋಗುತ್ತಾರೆ. ಆಮೇಲೆ ಉಳಿಯುವುದು ಒಂದು ಕೋಣೆ, ಒಂದು ಫೋನು.

ಆ ಗುರುವಾರ ಬೆಳಿಗ್ಗೆ ಭಾಗ್ಯಶ್ರೀ ಕುರ್ಚಿಯಲ್ಲಿ ಕೂಡದೆ ಬಾಗಿಲ ಹತ್ತಿರವೇ ನಿಂತಳು.

"ಅಕ್ಕಾ, ಮನಿ ಹತ್ರ ಪಾರ್ಸೆಲ್ ಗೋದಾಮಿನಾಗ ಕೆಲಸಕ್ಕ ಕರ್ಯಾಕತ್ತಾರ. ಬರ್ತೀನೋ ಇಲ್ಲೋ ಸೋಮವಾರ ಹೇಳ್ಬೇಕ್ರಿ."

"ನಿನಗ ಮನಸ್ಸದ ಏನು?"

"ಮನಸ್ಸಿನ ಮಾತು ಬಿಡ್ರಿ. ಇಷ್ಟು ದಿನ ಆತು ಸುಮ್ನ ಕುಂತೀನಿ. ಡಬ್ಬಿಗೆ ಟೇಪ್ ಹಚ್ಚಿದ್ರ ಡಬ್ಬಿಯಾದ್ರೂ ಮುಚ್ಚತೈತಿ."

ಸೋಮವಾರದ ತನಕ ಯಾರಿಗೂ ಏನೂ ಹೇಳಬೇಡ ಎಂದು ಹರ್ಷದಾ ಕೇಳಿಕೊಂಡಳು. ಅಷ್ಟರಲ್ಲಿ ಏನು ಮಾಡುತ್ತೇನೆಂದು ಅವಳಿಗೇ ತಿಳಿದಿರಲಿಲ್ಲ. ಪುಟಕ್ಕೆ ಎಷ್ಟು ಮಂದಿ ಬರುತ್ತಾರೆಂದು ಎಣಿಸುವ ಗೆರೆ ತಿಂಗಳ ಹಿಂದೆ ಒಮ್ಮೆಲೇ ಕುಸಿದು, ಆಮೇಲೆ ನೆಲ ಬಿಟ್ಟು ಎದ್ದಿರಲಿಲ್ಲ. ದಿನವೂ ಅದನ್ನು ನೋಡಿ ನೋಡಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು: ಜನರಿಗೆ ಇದು ಬೇಕಿಲ್ಲ. ಎಲ್ಲರ ಮನೆಯಲ್ಲೂ ಈಗ ಹಿಂದಿ ಬಲ್ಲ ಒಬ್ಬ ಅಳಿಯ ಇದ್ದಾನೆ.

ತಿಂಗಳ ಹಿಂದೆ ನಿಜವಾಗಿ ಆದದ್ದು ಬೇರೆ. ಆಗ ಅದು ಒಳ್ಳೆಯ ಕೆಲಸದಂತೆಯೇ ಕಂಡಿತ್ತು.

ಗುರುರಾಜ ಕಾಕಾ ಸರ್ಕಾರದ ಭಾಷಾಂತರ ವಿಭಾಗದಲ್ಲಿ ಮೂವತ್ತಾರು ವರ್ಷ ಕಳೆದವರು. ಕನ್ನಡ, ತೆಲುಗು, ಉರ್ದು, ಇಂಗ್ಲಿಷ್, ನಾಲ್ಕು ಲಿಪಿಗಳಲ್ಲೂ ಸಹಿ ಮಾಡಬಲ್ಲವರು. ಖಾಸಗಿ ಮಾಹಿತಿಯ ಹೊಸ ನಿಯಮಗಳ ಬಗ್ಗೆ ಪತ್ರಿಕೆಯಲ್ಲಿ ಓದಿದ ದಿನ, ನಿನ್ನ ಪುಟ ಜನರಿಂದ ಏನಾದರೂ ತೆಗೆದುಕೊಳ್ಳುತ್ತದೆಯೇ ಎಂದು ಅವಳನ್ನು ಕೇಳಿದರು. ತೆಗೆದುಕೊಳ್ಳುತ್ತದೆ ಎಂದಳು. ಪುಟ ನೋಡಿದವರ ಫೋನಿನಲ್ಲಿ ವೆಬ್‌ಸೈಟು ಒಂದು ಸಣ್ಣ ಗುರುತಿನ ಚೀಟಿ ಬಿಟ್ಟುಹೋಗುತ್ತದೆ, ಅದಕ್ಕೆ ಕುಕೀ ಎನ್ನುತ್ತಾರೆ, ಅದರಿಂದಲೇ ಎಣಿಕೆ ನಡೆಯುತ್ತದೆ ಎಂದು ವಿವರಿಸಿದಳು. ಕೇಳದೆ ಇನ್ನೊಬ್ಬರ ಜೇಬಿನಲ್ಲಿ ಚೀಟಿ ಹಾಕುವುದು ಎಂಥ ಸಭ್ಯತೆ ಎಂದು ಕಾಕಾ ಸಿಟ್ಟಾದರು. ಮರುದಿನದಿಂದ ಒಪ್ಪಿಗೆ ಪತ್ರ ಬರೆಯಲು ಕೂತರು. 'ಸದರಿ ಜಾಲತಾಣವನ್ನು ಸಂದರ್ಶಿಸುವ ಮಾನ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದು ಕನ್ನಡದಲ್ಲಿ ಶುರುವಾದ ಆ ಪತ್ರ ನಾಲ್ಕೂ ಭಾಷೆಗಳಲ್ಲಿ ಒಂದರ ಕೆಳಗೊಂದು ಸಾಲಾಗಿ ನಿಂತಿತು. ಉರ್ದುವಿಗೆ ಇಳಿಜಾರಿನ ನಸ್ತಾಲೀಕ್ ಅಕ್ಷರವೇ ಆಗಬೇಕು, ಟೈಪಿನ ಮೊಂಡು ಅಕ್ಷರ ನಡೆಯುವುದಿಲ್ಲ ಎಂದರು. ಮೊದಲು ಯಾವ ಭಾಷೆ ಎಂಬುದಕ್ಕೆ ಎರಡು ದಿನ ಚರ್ಚೆಯಾಯಿತು. ಕೊನೆಗೆ ಅತಿಥಿ ಸತ್ಕಾರವೆಂದು ಉರ್ದು ಮೇಲೆ ಹೋಯಿತು.

ಹರ್ಷದಾ ಯಾವುದೋ ಕಂಪನಿಯ ಸಿದ್ಧ ಸಲಕರಣೆ ತಂದು ಆ ಪತ್ರವನ್ನು ಪುಟದ ಮುಂದೆ ಪರದೆಯಂತೆ ಕಟ್ಟಿದಳು. 'ಒಪ್ಪಿದೆ' ಎಂದು ಒತ್ತುವ ತನಕ ಹಿಂದಿನದು ಕಾಣದು. ಕಾಕಾ ತಮ್ಮ ಫೋನಿನಲ್ಲಿ ತೆರೆದು ಆರಂಭದಿಂದ ಅಂತ್ಯದವರೆಗೆ ಓದಿ, ತೃಪ್ತಿಯಿಂದ ಒತ್ತಿದರು. ಹರ್ಷದಾ ಒತ್ತಿದಳು. ಭಾಗ್ಯಶ್ರೀಯೂ ಒತ್ತಿದಳು. ಒಮ್ಮೆ ಒತ್ತಿದವರಿಗೆ ಪರದೆ ಮತ್ತೆ ಬರುವುದಿಲ್ಲ. ಆ ದಿನದಿಂದ ಈ ಮನೆಯಲ್ಲಿ ಯಾರೂ ಅದನ್ನು ನೋಡಲಿಲ್ಲ.

ಶುಕ್ರವಾರ ಒಬ್ಬರು ಬಂದರು. ಅಮರೇಶಪ್ಪ ಎಂದು, ಲಿಂಗಸುಗೂರಿನ ಕಡೆಯವರು. ಹೆಂಡತಿಯ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಹೋದ ವರ್ಷ ಬಂದುಹೋದ ಪಕ್ಕದ ಮನೆಯವರು ಭಾಗ್ಯಶ್ರೀಯ ಸ್ವಂತ ನಂಬರು ಕೊಟ್ಟಿದ್ದರು. ನಿಲ್ದಾಣದಿಂದ ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಚೀಟಿ ಮಾಡಿಸಿ, ಸರದಿಗೆ ಕಾಯುತ್ತ ಕೂತಾಗ ಭಾಗ್ಯಶ್ರೀ ಸುಮ್ಮನೆ ಮಾತಿಗೆಂದು, ಫೋನಿನಲ್ಲಿ ನಮ್ಮದೊಂದು ಪುಟ ಇದೆ, ಅದರಲ್ಲಿ ನೋಡಿದ್ದರೆ ಇನ್ನೂ ಬೇಗ ಸಿಗುತ್ತಿದ್ದೆವು ಎಂದಳು.

ಅಮರೇಶಪ್ಪ ಹೆಂಡತಿಯ ಮುಖ ನೋಡಿದರು. "ನೋಡಿದ್ದೆ ತಂಗಿ. ಭಾಳ ಕೆಳಗಿತ್ತು, ಹುಡುಕಿ ಹುಡುಕಿ ಒತ್ತಿದೆ. ಮದಲ ಬರೇ ಬೆಳ್ಳಗ. ಆಮ್ಯಾಲ ಕೋರ್ಟಿನ ಕಾಗದ ಬಂತು."

"ಕೋರ್ಟಿಂದೇನ್ರಿ?"

"ಮ್ಯಾಲ ಉರ್ದು ಇತ್ತು, ತೆಲುಗು ಇತ್ತು, ಕೆಳಗ 'ಒಪ್ಪಿದೆ' ಅಂತ ಬರದಿತ್ತು. ಇಕಿ ಒತ್ತಗೊಡ್ಲಿಲ್ಲ."

ಹೆಂಡತಿ ಸೆರಗಿನಿಂದ ಗಂಟು ಮುಚ್ಚಿಕೊಂಡು ಮೊದಲ ಬಾರಿಗೆ ಬಾಯಿಬಿಟ್ಟಳು. "ಓದಲಾರದ ಕಾಗದಕ್ಕ ಹೆಬ್ಬೆಟ್ಟು ಒತ್ತಿ ಇವರಪ್ಪ ಎರಡು ಎಕರೆ ಕಳಕೊಂಡಾನ. ಈಗ ನನ್ನ ಕುತ್ತಿಗಿ ಬರಕೊಡೂದು ಬ್ಯಾಡ ಅಂದೆ."

ಭಾಗ್ಯಶ್ರೀ ನಗಲಿಲ್ಲ. ಅಮರೇಶಪ್ಪನವರ ಫೋನು ಇಸಕೊಂಡು, ಅವರು ಹುಡುಕಿದ್ದನ್ನೇ ಮತ್ತೆ ಹುಡುಕಿ ಒತ್ತಿದಳು. ಬಿಳಿ. ಅವಳು ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂಬತ್ತಕ್ಕೆ ಕಂದು ಬಣ್ಣದ ಪಟ್ಟಿಯೊಂದು ಬಂತು. ಹನ್ನೊಂದಕ್ಕೆ ಇಂಗ್ಲಿಷ್. ಹದಿಮೂರಕ್ಕೆ ಮೇಲಿನಿಂದ ಉರ್ದು ಇಳಿದು, ಇದ್ದಬದ್ದ ಸಾಲುಗಳನ್ನೆಲ್ಲ ಕೆಳಕ್ಕೆ ತಳ್ಳಿತು. ಅಷ್ಟರಲ್ಲಿ 'ಒಪ್ಪಿದೆ'ಯ ಕಡೆ ಹೊರಟಿದ್ದ ಅವಳ ಹೆಬ್ಬೆರಳು ಜಾಗ ಬದಲಿಸಿದ ಬೇರೆ ಯಾವುದರ ಮೇಲೋ ಬಿತ್ತು. ಇನ್ನೊಂದು ಬಿಳಿ ಪುಟ ತೆರೆಯಿತು. ಎಲ್ಲಿಯೂ ಫೋನ್ ನಂಬರಿಲ್ಲ. ಅವಳು ಹಿಂದಕ್ಕೆ ಬಂದು, ಈ ಸಲ ತನ್ನ ಫೋನನ್ನು ಅವರ ಫೋನಿನ ಮೇಲೆ ಹಿಡಿದು ಅದೆಲ್ಲವನ್ನೂ ವಿಡಿಯೊ ಮಾಡಿ ಹರ್ಷದಾಳಿಗೆ ಕಳಿಸಿದಳು. ಕೆಳಗೆ ಬರೆದದ್ದು ಒಂದೇ ಸಾಲು: ಅಕ್ಕಾ ನಮ್ಮ ಬಾಗಿಲಕ್ಕ ನಾವ ಕೀಲಿ ಹಾಕೀವಿ.

ಹರ್ಷದಾ ಆ ವಿಡಿಯೊವನ್ನು ನಾಲ್ಕು ಸಲ ನೋಡಿದಳು. ಮೊದಲ ಸಲ ಅರ್ಥವಾಗಲಿಲ್ಲ, ಎರಡನೆಯ ಸಲ ಅರ್ಥವಾಯಿತು, ಉಳಿದೆರಡು ಸಲ ತನ್ನನ್ನು ಶಿಕ್ಷಿಸಿಕೊಳ್ಳಲು ನೋಡಿದಳು. ಕಪಾಟಿನಿಂದ ಹಳೆಯ ಫೋನೊಂದನ್ನು ತೆಗೆದು, ಅದರ ನೆನಪನ್ನೆಲ್ಲ ಅಳಿಸಿ, ನೆಟ್‌ವರ್ಕಿನ ವೇಗವನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿ ತನ್ನ ಪುಟ ತೆರೆದಳು. ಆರು ವರ್ಷ ಅನ್ಯರ ಪುಟಗಳಿಗೆ ದಿನಕ್ಕೆ ಇಪ್ಪತ್ತು ಸಲ ಮಾಡುತ್ತಿದ್ದ ಪರೀಕ್ಷೆ ಇದು. ಸ್ವಂತ ಪುಟಕ್ಕೆ ಮಾಡಿರಲಿಲ್ಲ. ಒಪ್ಪಿಗೆಯ ಸಲಕರಣೆ ಮೊದಲು ದೂರದ ತನ್ನ ಕಂಪನಿಯನ್ನು ಕೇಳಿ ಬರುತ್ತಿತ್ತು. ಅಲ್ಲಿಯವರೆಗೆ ಉಳಿದದ್ದೆಲ್ಲ ಕೈಕಟ್ಟಿ ನಿಲ್ಲುತ್ತಿತ್ತು. ಆಮೇಲೆ ನಾಲ್ಕು ಲಿಪಿಗಳ ಅಕ್ಷರಗಳು ಒಂದೊಂದಾಗಿ ಇಳಿಯುತ್ತಿದ್ದವು. ನಸ್ತಾಲೀಕ್ ಒಂದೇ ಇಡೀ ಪುಟಕ್ಕಿಂತ ಭಾರವಾಗಿತ್ತು.

ಉಳಿದದ್ದು ಹುಡುಕಾಟದ ವರದಿಯಲ್ಲಿತ್ತು. ಪರದೆ ಕಟ್ಟುವ ಮುನ್ನ ಅವಳ ಪುಟದ ಸರಾಸರಿ ಸ್ಥಾನ ಎರಡು. ಈಗ ಹದಿನಾಲ್ಕು. ನಿಜವಾದ ಜನರ ಫೋನುಗಳು ಒಂದು ಪುಟಕ್ಕಾಗಿ ಎಷ್ಟು ಹೊತ್ತು ಕಾದವು, ತೆರೆದ ಮೇಲೆ ಸಾಲುಗಳು ಎಷ್ಟು ಜಿಗಿದವು ಎಂಬುದನ್ನು ಹುಡುಕುವ ಯಂತ್ರ ಲೆಕ್ಕವಿಡುತ್ತದೆ. ಯಾರು ಮೇಲೆ, ಯಾರು ಕೆಳಗೆ ಎಂದು ನಿರ್ಧರಿಸುವ ನೂರಾರು ಸಂಗತಿಗಳಲ್ಲಿ ಅದೂ ಒಂದು, ದೊಡ್ಡದೇನಲ್ಲ. ಆದರೆ ಆಸ್ಪತ್ರೆಗಳ ಪುಟ, ಏಜೆಂಟರ ಪುಟ, ಇವಳ ಪುಟ ಎಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುವಾಗ ಸಣ್ಣದೇ ದೊಡ್ಡದಾಗುತ್ತದೆ. ಕುಸಿದ ಆ ಗೆರೆಯ ಗುಟ್ಟೂ ಬಯಲಾಯಿತು. ಪರದೆ ಬಂದ ಮೇಲೆ ಎಣಿಕೆಯಾಗುತ್ತಿದ್ದದ್ದು ಒಪ್ಪಿದವರು ಮಾತ್ರ. ಒಪ್ಪದವರು ಬಂದಿದ್ದರು. ಕಾದಿದ್ದರು. ಹೆದರಿ ಹಿಂದಿರುಗಿದ್ದರು. ಗೆರೆಗೆ ಅವರು ಕಂಡಿರಲಿಲ್ಲ. ಜನರಿಗೆ ಬೇಕಿಲ್ಲ ಎಂದು ಅವಳು ತೀರ್ಮಾನಿಸಿದ್ದು ಅವರನ್ನೇ ಕುರಿತು.

ಸಂಜೆ ಕಾಕಾ ಚಹಾ ಕುಡಿಯುವಾಗ ಹಳೆಯ ಫೋನನ್ನು ಅವರ ಮುಂದಿಟ್ಟಳು. ಹೇಗೆ ಹೇಳುವುದೆಂದು ಒಂದು ತಾಸಿನಿಂದ ಯೋಚಿಸಿ, ಕೊನೆಗೆ ಏನೂ ಹೇಳದೆ, ನೀವೇ ತೆರೆಯಿರಿ ಎಂದಳು. ಅವರು ಒತ್ತಿದರು. ಬಿಳಿಯ ಪುಟ ನೋಡುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಮತ್ತೆ ಮೊದಲಿನಿಂದ ತೆರೆದರು. ಉರ್ದು ಬಂದಾಗ ಒಮ್ಮೆ ಗಡಿಯಾರ ನೋಡಿದರು, ಕನ್ನಡ ಬಂದಾಗ ಒಮ್ಮೆ. ಹರ್ಷದಾ ಅಮರೇಶಪ್ಪನವರ ಹೆಂಡತಿ ಅಂದದ್ದನ್ನು ಹೇಳಿದಳು. ಎರಡು ಎಕರೆಯ ಮಾತನ್ನೂ ಬಿಡಲಿಲ್ಲ.

ಕಾಕಾ ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡರು. ಚಹಾ ಆರಿತ್ತು.

"ಅಂದ್ರ ನಾ ಬರದದ್ದು ತಪ್ಪಾತು."

"ಬರದದ್ದಲ್ಲ ಕಾಕಾ. ಅದನ್ನ ಬಾಗಿಲದಾಗ ನಿಲ್ಲಿಸಿದ್ದು ತಪ್ಪು. ನಿಲ್ಲಿಸಿದಾಕಿ ನಾನು."

"ನನ್ನ ಸಮಾಧಾನ ಮಾಡಬ್ಯಾಡ. ಒಂದು ಹೇಳು. ನಾವು ಅವರ ಕಡಿಂದ ತಗೋತೀವಲ್ಲ, ಏನೇನು ತಗೋತೀವಿ?"

ಅವಳು ಹೇಳುತ್ತ ಹೋದಳು, ಅವರು ಕತ್ತರಿಸುತ್ತ ಹೋದರು. ಎಷ್ಟು ಮಂದಿ ಬಂದರೆಂಬ ಎಣಿಕೆ: ಫೋನು ಬಡಿದರೆ ತಿಳಿಯುವುದಿಲ್ಲವೇ. ಕಚೇರಿಯ ನಕಾಶೆ: ನಾವೇ ನಿಲ್ದಾಣಕ್ಕೆ ಹೋಗಿ ಕರೆತರುವಾಗ ನಕಾಶೆ ಯಾರಿಗೆ. ಒಂದು ಚಾನೆಲ್ಲಿನವರು ಮಾಡಿದ ಸಂದರ್ಶನದ ವಿಡಿಯೊ, ಅದರ ಜೊತೆಗೆ ಬರುವ ಅದರದೇ ಕುಕೀಗಳು.

"ಅದರಾಗ ನೀ ಭಾಳ ಇಂಗ್ಲಿಷ್ ಮಾತಾಡೀದಿ. ಅದೂ ಬ್ಯಾಡ," ಎಂದರು ಕಾಕಾ.

"ಹಂಗಂದ್ರ ಏನೂ ಉಳಿಯೂದಿಲ್ಲ."

"ಏನೂ ತಗೊಳ್ಳಲಿಲ್ಲ ಅಂದ್ರ ಏನೂ ಕೇಳೂ ಕಾರಣ ಇಲ್ಲ. ನಾ ನಾಲ್ಕು ಭಾಷಾದಾಗ ಅಪ್ಪಣಿ ಕೇಳಿದ್ದು ನಮಗ ಬ್ಯಾಡಾಗಿದ್ದ ಸಾಮಾನಿಗೆ."

ಒಂದು ಮಾತ್ರ ಉಳಿಯಿತು. ಪುಟದ ಕೊನೆಗೆ ರೋಗಿಯ ಹೆಸರು, ಕಾಯಿಲೆ ಬರೆದು ಕಳಿಸುವ ಒಂದು ಜಾಗವಿತ್ತು. ಅಲ್ಲಿ ಕೇಳಲೇಬೇಕು, ಅಲ್ಲಿ ಮಾತ್ರ ಕೇಳಬೇಕು ಎಂದು ಕಾಕಾ ಹಟ ಹಿಡಿದರು. ಅದಕ್ಕೆ ಒಂದೇ ವಾಕ್ಯ ಬರೆಯುತ್ತೇನೆ ಎಂದು ಶನಿವಾರ ಬೆಳಿಗ್ಗೆ ಕೂತವರು ಮಧ್ಯಾಹ್ನದ ಊಟಕ್ಕೆ ತಡವಾಗಿ ಎದ್ದರು. ಜೀವಮಾನವೆಲ್ಲ ವಾಕ್ಯಗಳನ್ನು ಉದ್ದ ಮಾಡಿದವರಿಗೆ ಗಿಡ್ಡ ಮಾಡುವುದು ಮಂಡಿನೋವಿನಷ್ಟು ಕಷ್ಟವಾಗಿತ್ತು. ಕೊನೆಗೆ ಕೊಟ್ಟ ಚೀಟಿಯಲ್ಲಿ ಹೀಗಿತ್ತು: 'ನೀವು ಬರೆದ ಹೆಸರು, ಕಾಯಿಲೆಯನ್ನು ನಿಮ್ಮ ಜೊತೆ ಬರುವವರು ಮಾತ್ರ ನೋಡುತ್ತಾರೆ, ಅಳಿಸಿ ಅಂದರೆ ಅಳಿಸುತ್ತೇವೆ.' ಸದರಿಯೂ ಇಲ್ಲ, ಮಾನ್ಯರೂ ಇಲ್ಲ. ತೆಲುಗು, ಉರ್ದು, ಇಂಗ್ಲಿಷ್ ಬೇಕಾದವರಿಗೆ ಒಂದೊಂದು ಬೇರೆ ಪುಟ, ಬೇಕೆಂದಾಗ ಮಾತ್ರ ತೆರೆಯುವಂತೆ.

ಅಷ್ಟರಲ್ಲಿ ಹರ್ಷದಾ ಪರದೆ ಕಿತ್ತಿದ್ದಳು. ಎಣಿಕೆ, ನಕಾಶೆ, ವಿಡಿಯೊ ಹೋದವು. ಹೊರಗಿನಿಂದ ತರಿಸುತ್ತಿದ್ದ ಅಕ್ಷರಗಳೂ ಹೋದವು. ಕನ್ನಡ ಪ್ರತಿ ಫೋನಿನೊಳಗೂ ಮೊದಲೇ ಇದೆ, ಅದನ್ನು ಹೊತ್ತು ತರಬೇಕಿಲ್ಲ. ಎಲ್ಲಕ್ಕಿಂತ ಮೇಲೆ ಫೋನ್ ನಂಬರು, ದಪ್ಪಗೆ. ಹಳೆಯ ಫೋನಿನಲ್ಲಿ ಎರಡು ಸೆಕೆಂಡು ತುಂಬುವ ಮೊದಲೇ ಪುಟ ನಿಂತಿತು, ನಿಂತ ಮೇಲೆ ಅಲುಗಲಿಲ್ಲ.

ಭಾನುವಾರ ಭಾಗ್ಯಶ್ರೀ ಅಮರೇಶಪ್ಪನವರನ್ನು ನೋಡಲು ಆಸ್ಪತ್ರೆಗೆ ಹೋದವಳು ಕಾಯುವ ಜಾಗದಲ್ಲಿ ಕನ್ನಡ ಕೇಳಿಬಂದ ಕಡೆಯೆಲ್ಲ ನಿಂತು, ನಿಮ್ಮ ಫೋನಿನಲ್ಲಿ ಇದನ್ನೊಮ್ಮೆ ತೆರೆಯಿರಿ ಎಂದು ಏಳು ಮಂದಿಯಿಂದ ತೆರೆಸಿದಳು. ಗಾಜು ಒಡೆದ ಫೋನು, ನೆಟ್‌ವರ್ಕ್ ಸರಿಯಾಗಿ ಬಾರದ ಮೂಲೆ, ಯಾವುದನ್ನೂ ಬಿಡಲಿಲ್ಲ.

"ಎಣಸಾಕ ಬಿಡವಲ್ದು ಅಕ್ಕಾ," ಎಂದು ಫೋನಿನಲ್ಲಿ ಹೇಳಿದಳು. "ಒಂದು ಅನ್ನೂದ್ರಾಗ ನಂಬರ್ ಬಂದಿರತೈತಿ."

ಹರ್ಷದಾ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸ್ಥಾನ ಇನ್ನೂ ಹದಿನಾಲ್ಕೇ ಇದೆ, ಯಂತ್ರ ಹಿಂದಿನ ಇಪ್ಪತ್ತೆಂಟು ದಿನಗಳ ಅನುಭವವನ್ನು ಕೂಡಿಸಿ ನೋಡುತ್ತದೆ, ಕೆಟ್ಟ ದಿನಗಳೆಲ್ಲ ಉದುರಿಹೋಗಲು ಒಂದು ತಿಂಗಳು ಬೇಕು, ಆಮೇಲೂ ಮೇಲೆ ಬಂದೇ ಬರುತ್ತೇವೆಂದು ಮಾತು ಕೊಡಲಾರೆ ಎಂದಳು. ಭಾಗ್ಯಶ್ರೀ, ಡಾಕ್ಟರ್ ಬಂದರು, ಇಡುತ್ತೇನೆ ಎಂದಳು.

ಸೋಮವಾರ ಮಧ್ಯಾಹ್ನದ ತನಕ ಅವಳು ಬರಲಿಲ್ಲ. ಹನ್ನೊಂದಕ್ಕೆ ಒಂದು ಹೊಸ ಕರೆ ಬಂತು, ದೇವದುರ್ಗದಿಂದ. ಹುಡುಕಾಟದ ಎರಡನೆಯ ಪುಟದಲ್ಲಿ ಎಲ್ಲೋ ಸಿಕ್ಕಿತಂತೆ. ಹರ್ಷದಾ ವಿವರ ಬರೆದುಕೊಂಡಳು. ಆದರೆ ಯಾರು ಹೋಗುತ್ತಾರೆಂದು ಬರೆಯುವ ಜಾಗ ಖಾಲಿ ಬಿಟ್ಟಳು. ಕಾಕಾ ಪತ್ರಿಕೆ ಹಿಡಿದು ಕೂತಿದ್ದರು. ಒಂದೇ ಪುಟವನ್ನು ಒಂದು ತಾಸಿನಿಂದ ಓದುತ್ತಿದ್ದರು.

ಒಂದೂವರೆಗೆ ಭಾಗ್ಯಶ್ರೀ ಒಳಗೆ ಬಂದು, ಈ ಸಲ ಕುರ್ಚಿಯಲ್ಲಿ ಕೂತು, ನೀರು ಕೇಳಿದಳು. ಗಂಟು ಕೆಟ್ಟದ್ದಲ್ಲ, ಔಷಧಿಯಲ್ಲೇ ಕರಗಬಹುದು ಎಂದರಂತೆ ಡಾಕ್ಟರು. ಅಮರೇಶಪ್ಪನವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿದರಂತೆ, ಹೆಂಡತಿ ಅವರನ್ನು ಬೈದು ಎಬ್ಬಿಸಿದಳಂತೆ.

"ಗೋದಾಮಿನವರು?" ಎಂದು ಕೇಳಿದವರು ಕಾಕಾ.

"ಒಂದು ತಿಂಗಳು ತಡೀರಿ ಅಂದೆ ಅಜ್ಜಾರ. ತಡ್ಯಾಂಗಿಲ್ಲ ಅಂದ್ರು. ಹಂಗಾರ ಒಲ್ಲೆ ಅಂದೆ."

ಹರ್ಷದಾ ಏನೋ ಹೇಳಹೋದಳು. ಭಾಗ್ಯಶ್ರೀ ಗ್ಲಾಸು ಕೆಳಗಿಟ್ಟು ತಡೆದಳು.

"ನೀವು ಮಾತು ಕೊಡಲಿಲ್ಲ ನೋಡ್ರಿ, ಅದಕ್ಕ ಉಳದೀನಿ. ಬರ್ತೈತಿ ಬರ್ತೈತಿ ಅಂದಿದ್ರ ಹೋಗಿಬಿಡ್ತಿದ್ದೆ. ಆದ್ರ ಒಂದು ಐತಿ. ಇನ್ನ ಮ್ಯಾಲ ಪುಟದಾಗ ಏನರ ಹಾಕೂದಿದ್ರ ಮದಲ ನನ್ನ ಕೈಗೆ ಕೊಡ್ರಿ. ನಮ್ಮ ಗುರ್ತು ಇಲ್ಲದವರ ಫೋನಿನಾಗ ತೋರ್ಸಿ, ಅವರು ಹೂಂ ಅಂದ್ರ ಹೂಂ."

"ನನ್ನ ವಾಕ್ಯಾನೂ?" ಎಂದರು ಕಾಕಾ.

"ನಿಮ್ಮದ ಮದಲ ಅಜ್ಜಾರ."

ಕಾಕಾ ಪತ್ರಿಕೆ ಮಡಚಿದರು. ಹಾಗೇ ಆಗಲಿ ಎಂದರು.

ಗೋದಾಮಿನ ಕೆಲಸ ಒಲ್ಲೆ ಎಂದದ್ದಕ್ಕೆ ಯಂಕಮ್ಮ ಮಗಳ ಜೊತೆ ಒಂದು ವಾರ ಮಾತು ಬಿಟ್ಟಳು. ಪ್ರತಿ ಶುಕ್ರವಾರ ಭಾಗ್ಯಶ್ರೀ ನಿಲ್ದಾಣದಲ್ಲಿ ಅಪರಿಚಿತರ ಫೋನು ಕೇಳಿ ಪುಟ ತೆರೆಸುತ್ತಿದ್ದಳು, ಕೆಲವರು ಅವಳನ್ನು ಕಳ್ಳಿ ಎಂದುಕೊಂಡು ಚೀಲ ಎದೆಗೊತ್ತಿಕೊಳ್ಳುತ್ತಿದ್ದರು. ಪುಟದ ಸ್ಥಾನ ಹದಿನಾಲ್ಕರಿಂದ ಹನ್ನೆರಡಾಯಿತು. ಮತ್ತೆ ಹದಿಮೂರಾಗಿ ಎಲ್ಲರ ಮುಖ ಬಾಡಿತು. ಒಂಬತ್ತಕ್ಕೆ ಬಂದ ದಿನ ಮೂರು ಕರೆ ಬಂದವು. ಐದನೆಯ ವಾರ ನಾಲ್ಕನೆಯ ಸ್ಥಾನ. ಅದಕ್ಕಿಂತ ಮೇಲೆ ಹೋಗಲಿಲ್ಲ, ಅಲ್ಲೇ ನಿಂತಿತು. ಹರ್ಷದಾ ವರದಿಯನ್ನು ದಿನವೂ ನೋಡುವುದನ್ನು ಬಿಟ್ಟಳು. ನೋಡಲು ಪುರುಸೊತ್ತಿರಲಿಲ್ಲ.

ಒಂದು ಮಂಗಳವಾರ ಒಂದೇ ರೈಲಿಗೆ ನಾಲ್ಕು ಊರುಗಳಿಂದ ನಾಲ್ಕು ಮನೆಯವರು ಬರುವುದಾಯಿತು. ಕರೆದೊಯ್ಯಲು ಇದ್ದವರು ಮೂವರು. ಭಾಗ್ಯಶ್ರೀ ಬೆಳಿಗ್ಗೆ ಯಾರಿಗೂ ಹೇಳದೆ ಅವ್ವನನ್ನು ಕರೆದುಕೊಂಡು ಬಂದಿದ್ದಳು. ಯಂಕಮ್ಮ ಆ ದಿನದ ಕೆಲಸ ಬಿಟ್ಟು, ತೊಳೆದ ಸೀರೆ ಉಟ್ಟು, ಪ್ಲಾಟ್‌ಫಾರಮ್ಮಿನಲ್ಲಿ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದಳು. ನನಗೆ ಓದಲು ಬರುವುದಿಲ್ಲ ಎಂದು ಹರ್ಷದಾಳಿಗೆ ಮೊದಲೇ ಹೇಳಿದಳು. ಓದುವ ಕೆಲಸವಲ್ಲ, ತೆಲುಗು ಬರುತ್ತದಲ್ಲ ಎಂದಳು ಹರ್ಷದಾ. ರೈಲು ನಿಂತಿತು. ಮಗನ ಭುಜ ಹಿಡಿದು ಇಳಿದ ಮುದುಕಿಯೊಬ್ಬಳು, ಎಕ್ಸ್‌ರೇ ಹಾಳೆಯ ಚೀಲ ಹಿಡಿದು, ಜನರ ನಡುವೆ ತಿರುಗಿ ತಿರುಗಿ ನೋಡುತ್ತಿದ್ದಳು. ಯಂಕಮ್ಮ ಹೋಗಿ ಚೀಲ ಇಸಕೊಂಡು, ಇನ್ನೊಂದು ಕೈಯಿಂದ ಅವಳ ಮೊಣಕೈ ಹಿಡಿದಳು.

"ಸಾವಕಾಶ ಬಾ. ಯಾವೂರಬೇ ನಿಂದು?" ಎಂದು ಕೇಳುತ್ತ ಗೇಟಿನ ಕಡೆ ನಡೆದಳು.